ಏನೂಂದ್ರೆ ಹೆಸರಿನ ನಲ್ಲಿ

ನಮ್ಮ ಊರಲ್ಲಿ ನೀರು ಕರೆದರೆ ಬರುತ್ತದೆ, ಕರೆಯದಿದ್ದರೆ ಬರುವುದಿಲ್ಲ. ಇದನ್ನು ಹೊರಗಿನವರಿಗೆ ಹೇಳಿದರೆ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಕೈಯಲ್ಲಿರುವ ವಾಲ್ವ್ ಕೀಲಿ ನೋಡುತ್ತಾರೆ, ಆಮೇಲೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಅಂತ ಕೇಳುತ್ತಾರೆ. ನಾನು ಓಬಯ್ಯ, ಪುರಸಭೆಯ ನೀರುಗಂಟಿ. ಇಪ್ಪತ್ತೆರಡು ವರ್ಷದಿಂದ ಬೆಳಿಗ್ಗೆ ಆರಕ್ಕೆ ಬೀದಿ ಬೀದಿಯ ವಾಲ್ವ್ ತಿರುಗಿಸುತ್ತಾ ಬಂದಿದ್ದೇನೆ. ನೀರನ್ನು ಬೀದಿಯ ತನಕ ತರುವುದು ನನ್ನ ಕೆಲಸ. ಬೀದಿಯಿಂದ ಮನೆಯೊಳಕ್ಕೆ ಕರೆದುಕೊಳ್ಳುವುದು ಮನೆಯವರಿಗೆ ಬಿಟ್ಟದ್ದು. ನಲ್ಲಿ ಯಾರ ಹೆಸರಿನಲ್ಲಿದೆಯೋ ಆ ಹೆಸರನ್ನು ನಲ್ಲಿಯ ಮುಂದೆ ನಿಂತು ಬಾಯಿಬಿಟ್ಟು ಕರೆಯಬೇಕು. ಕರೆದರೆ ನಲ್ಲಿ ಮೊದಲು ‘ಓ’ ಅನ್ನುತ್ತದೆ. ಅದು ಕೊಳವೆಯೊಳಗಿನ ಗಾಳಿ ಅಂತ ಇಂಜಿನಿಯರು ಹೇಳುತ್ತಾರೆ, ಓದಿದವರು, ಹೇಳಲಿ. ‘ಓ’ ಅಂದಮೇಲೆ ನೀರು ಬರುತ್ತದೆ.

ಪುರಸಭೆಯ ನಿಯಮಾವಳಿಯ ಏಳನೇ ನಿಯಮದಲ್ಲಿ ‘ನಲ್ಲಿಯುಳ್ಳವರ ಹೆಸರಿನಲ್ಲಿ ಕರೆ ಕೊಟ್ಟವರಿಗೆ ಮಾತ್ರ ನೀರು ಬರತಕ್ಕದ್ದು’ ಅಂತ ಇದೆ. ಅದು ‘ಕರ ಕೊಟ್ಟವರಿಗೆ’ ಅಂತ ಇರಬೇಕಾಗಿತ್ತು, ಅಚ್ಚಿನ ಮನೆಯವನು ಕೈತಪ್ಪಿ ಒಂದು ಎತ್ವ ಜಾಸ್ತಿ ಹಾಕಿಬಿಟ್ಟ ಅಂತ ಹಳಬರು ಈಗಲೂ ಕಟ್ಟೆಯ ಮೇಲೆ ಕೂತು ವಾದ ಮಾಡುತ್ತಾರೆ. ಇದ್ದರೂ ಇರಬಹುದು. ನೀರು ಓದಿಕೊಂಡದ್ದು ಅಚ್ಚಾದದ್ದನ್ನು.

ಜನ ಎಂಥದಕ್ಕೂ ಒಗ್ಗಿಕೊಳ್ಳುತ್ತಾರೆ ಬಿಡಿ. ನಮ್ಮ ಮನೆಯ ನಲ್ಲಿ ನನ್ನ ಅತ್ತೆ ತಿಮ್ಮಕ್ಕನ ಹೆಸರಿನಲ್ಲಿದೆ. ದಿನಾ ಬೆಳಿಗ್ಗೆ ನಾನು ಬಚ್ಚಲ ಬಾಗಿಲಲ್ಲಿ ನಿಂತು ‘ತಿಮ್ಮಕ್ಕಾ’ ಅಂತ ಕೂಗಿದರೆ ನಲ್ಲಿಯೂ ‘ಓ’ ಅನ್ನುತ್ತದೆ, ಒಳಗಿನಿಂದ ಅತ್ತೆಯೂ ‘ಓ’ ಅನ್ನುತ್ತಾಳೆ. ಅತ್ತೆಯನ್ನು ಹೆಸರು ಹಿಡಿದು ಕರೆಯುವ ಅಳಿಯನ ಸೊಕ್ಕು ನೋಡಿ ಅಂತ ಪಕ್ಕದ ಮನೆಗೆ ಕೇಳುವ ಹಾಗೆ ಹೇಳಿ, ಅದೇ ನೀರಲ್ಲಿ ತಲೆಗೆ ಎರೆದುಕೊಳ್ಳುತ್ತಾಳೆ. ಕುಂಬಾರ ಬೀದಿಯಲ್ಲಿ ಅಣ್ಣತಮ್ಮ ಇಬ್ಬರು ಮಾತು ಬಿಟ್ಟು ಹದಿನೈದು ವರ್ಷವಾಯಿತು, ಮನೆ ಮಾತ್ರ ಒಂದೇ. ನಲ್ಲಿ ಅಣ್ಣನ ಹೆಸರಿನಲ್ಲಿದೆ. ತಮ್ಮ ದಿನಾ ಅವನ ಹೆಸರು ಕರೆಯುತ್ತಾನೆ, ನೀರು ಹಿಡಿಯುತ್ತಾನೆ, ನಾನು ಕರೆದದ್ದು ನಲ್ಲಿಯನ್ನು ಅಂತ ಗೊಣಗುತ್ತಾನೆ. ಹೊಸದರಲ್ಲಿ ಊರಿನ ಹೆಂಗಸರಿಗೆ ಗಂಡನ ಹೆಸರು ಹೇಳುವುದೇ ದೊಡ್ಡ ಪೇಚಾಟವಾಗಿತ್ತು. ಆಮೇಲೆ ಅದೂ ರೂಢಿಯಾಯಿತು. ಗಂಡನ ಮೇಲೆ ಸಿಟ್ಟಿದ್ದ ದಿನ ನೀರು ರಭಸವಾಗಿ ಬರುತ್ತದೆ ಅಂತ ನನ್ನ ಹೆಂಡತಿ ಹೇಳುತ್ತಾಳೆ. ಅವಳ ಮಾತನ್ನು ನಾನು ಪರೀಕ್ಷೆ ಮಾಡಲು ಹೋಗಿಲ್ಲ.

ಊರಿಗೆಲ್ಲ ರೂಢಿಯಾದದ್ದು ಎಣ್ಣೆಗಾಣದ ಬೀದಿಯ ದಾಕ್ಷಾಯಣಕ್ಕನಿಗೆ ಮಾತ್ರ ಆಗಲಿಲ್ಲ. ಅವರ ಯಜಮಾನರು ಕಲ್ಲಪ್ಪಣ್ಣ, ತರಕಾರಿ ಮಾರುಕಟ್ಟೆಯಲ್ಲಿ ಹರಾಜು ಕೂಗುತ್ತಿದ್ದವರು. ಆ ಗಂಟಲಿಗೆ ಮೈಕು ಬೇಕಿರಲಿಲ್ಲ. ಮಕ್ಕಳಿಲ್ಲ, ಮನೆಯಲ್ಲಿ ಇಬ್ಬರೇ. ಮದುವೆಯಾಗಿ ನಲವತ್ತೊಂದು ವರ್ಷದಲ್ಲಿ ಅಕ್ಕ ಗಂಡನ ಹೆಸರನ್ನು ಒಂದೇ ಒಂದು ಸಲ ಹೇಳಿದ್ದಾರೆ. ಮದುವೆಯ ದಿನ ಹೊಸಿಲಲ್ಲಿ ಅಡ್ಡಹಾಕಿ, ಒಡಪು ಕಟ್ಟಿ ಗಂಡನ ಹೆಸರು ಹೇಳು, ಇಲ್ಲದಿದ್ದರೆ ಒಳಗೆ ಬಿಡೆವು ಅಂತ ಹೆಂಗಸರು ಕಾಡುತ್ತಾರಲ್ಲ, ಅವತ್ತು. ಹದಿನೆಂಟರ ಹುಡುಗಿ, ನಾಚದೆ ಗಟ್ಟಿಯಾಗಿ ಹೇಳಿಬಿಟ್ಟರಂತೆ. ಊಟಕ್ಕೆ ಎಲೆ ಹಾಕುವ ಹೊತ್ತಿಗೆ ಚಪ್ಪರದ ಬಿದಿರ ಗಳು ಜಾರಿ ನೇರವಾಗಿ ಮದುಮಗನ ನೆತ್ತಿಯ ಮೇಲೆ ಬಿತ್ತು. ಆರು ಹೊಲಿಗೆ. ‘ಬಾಯಲ್ಲಿ ಹೆಸರು ಬಂತು, ತಲೆಗೆ ಗಳು ಬಂತು, ಹೆಸರು ಹೇಳಿದಷ್ಟೂ ಗಂಡನ ಆಯುಸ್ಸು ಸವೆಯುತ್ತೆ ಕಣೇ’ ಅಂದರು ಅವರ ಅತ್ತೆ. ಚಪ್ಪರ ಕಟ್ಟಿದವನನ್ನು ಯಾರೂ ಒಂದು ಮಾತು ಬೈಯಲಿಲ್ಲ.

ಅವತ್ತಿನಿಂದ ಅಕ್ಕ ಆ ಹೆಸರು ಮಾತ್ರವಲ್ಲ, ಅದರ ನೆರಳನ್ನೂ ನಾಲಿಗೆಗೆ ತಾಗಿಸಲಿಲ್ಲ. ಕಲ್ಲು ಅನ್ನುವ ಮಾತೇ ಅವರ ಬಾಯಲ್ಲಿಲ್ಲ. ‘ಅಕ್ಕಿಯಲ್ಲಿ ಗಟ್ಟಿಗಳು ಜಾಸ್ತಿ, ಆರಿಸಬೇಕು’ ಅನ್ನುತ್ತಾರೆ. ಕಲ್ಲುಸಕ್ಕರೆಗೆ ಅವರ ಸಕ್ಕರೆ, ಕಲ್ಲಂಗಡಿಗೆ ಅವರಂಗಡಿ. ಪಕ್ಕದ ಮನೆಯ ಚೌಡಮ್ಮನಿಗೆ ಮೂತ್ರಪಿಂಡದಲ್ಲಿ ಕಲ್ಲಾದಾಗ, ‘ಪಾಪ, ಚೌಡಿಯ ಹೊಟ್ಟೆಯಲ್ಲಿ ಅವರಿದ್ದಾರಂತೆ, ನೀರು ಜಾಸ್ತಿ ಕುಡಿದರೆ ಹೊರಗೆ ಬರುತ್ತಾರಂತೆ’ ಅಂತ ಬೀದಿಗೆಲ್ಲ ಹೇಳಿ ಚೌಡಮ್ಮನ ಗಂಡ ಒಂದು ವಾರ ತಲೆ ಎತ್ತದ ಹಾಗೆ ಮಾಡಿದ್ದರು. ಜನಗಣತಿಗೆ ಬಂದ ಮೇಷ್ಟ್ರು ಯಜಮಾನರ ಹೆಸರು ಕೇಳಿದರೆ ಅಂಗಳಕ್ಕಿಳಿದು ಒಂದು ಕಲ್ಲು ಎತ್ತಿ ತೋರಿಸಿದರು. ಮೇಷ್ಟ್ರು ಹೊಸಬರು, ಚಪ್ಪಲಿ ಅಲ್ಲೇ ಬಿಟ್ಟು ಓಡಿದರು. ಹೀಗಾಗಿ ಆ ಮನೆಯಲ್ಲಿ ನಲ್ಲಿ ಕರೆಯುವ ಕೆಲಸ ಕಲ್ಲಪ್ಪಣ್ಣನದೇ. ದಿನಾ ಬೆಳಿಗ್ಗೆ ತಮ್ಮ ಹೆಸರನ್ನು ತಾವೇ ‘ಕಲ್ಲಪ್ಪಾ’ ಅಂತ ಕೂಗುತ್ತಿದ್ದರು. ಒಂದು ಕೂಗಿಗೆ ತೊಟ್ಟಿ ತುಂಬುತ್ತಿತ್ತು.

ಶ್ರಾವಣದ ಒಂದು ಸೋಮವಾರ ಎಂದಿನ ಹಾಗೆ ಕೂಗಿ, ತೊಟ್ಟಿ ಹಂಡೆ ಎರಡೂ ತುಂಬಿಸಿ, ಮಾರುಕಟ್ಟೆಗೆ ಹೋದರು. ಬದನೆಕಾಯಿ ರಾಶಿಯ ಮುಂದೆ ನಿಂತು ‘ಒಂದನೇ ಸಾರಿ, ಎರಡನೇ ಸಾರಿ’ ಅಂದವರು ಮೂರನೇ ಸಾರಿ ಅನ್ನುವ ಮೊದಲೇ ಕುಸಿದರು. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಆ ಬದನೆಕಾಯಿ ಯಾರಿಗೂ ಆಗದೆ ಅಲ್ಲೇ ಬಾಡಿತು. ಆಸ್ಪತ್ರೆಯವರು ಮೂರನೇ ದಿನ ಮನೆಗೆ ಕಳಿಸಿ, ಮನುಷ್ಯನನ್ನು ಅಲುಗಾಡಿಸಬೇಡಿ, ಮೈ ಒರೆಸುತ್ತಿರಿ, ಗಂಟೆಗೊಂದು ಸಲ ನೀರು ಕುಡಿಸುತ್ತಿರಿ, ನೀರೊಂದು ತಪ್ಪಿದರೆ ಉಳಿಯುವುದಿಲ್ಲ ಅಂದರು.

ನಾನು ನೋಡಲು ಹೋದಾಗ ಕಲ್ಲಪ್ಪಣ್ಣ ಪಡಸಾಲೆಯ ಮಂಚದ ಮೇಲೆ ಮಲಗಿದ್ದರು. ಕಣ್ಣು ಮಾತ್ರ ಓಡಾಡುತ್ತಿತ್ತು. ದಾಕ್ಷಾಯಣಕ್ಕ ತೊಟ್ಟಿಯ ಪಕ್ಕ ಕೂತು ಒಂದು ಸೌಟಿನಲ್ಲಿ ನೀರು ಅಳೆಯುತ್ತಿದ್ದರು. ‘ಅಕ್ಕ, ನಲ್ಲಿ ಕರೀಬೇಕಲ್ಲ’ ಅಂದೆ. ‘ಗೊತ್ತು ಓಬಯ್ಯ.’ ‘ಒಂಬತ್ತು ದಿನ ಕರೀದೇ ಹೋದ್ರೆ ನಲ್ಲಿ ರದ್ದಾಗುತ್ತೆ. ಹನ್ನೆರಡನೇ ನಿಯಮ.’ ‘ಅದೂ ಗೊತ್ತು.’ ಆಮೇಲೆ ಸೌಟು ಕೆಳಗಿಟ್ಟು ನನ್ನ ಕಡೆ ತಿರುಗಿದರು. ‘ಇದು ಅವರು ಕರೆದ ನೀರು. ಇದು ಮುಗಿಯೋ ತನಕ ಏನಾದರೂ ದಾರಿ ಆಗುತ್ತೆ. ಆ ಹೆಸರು ನಾನು ಹೇಳಲ್ಲ. ಒಂದು ಸಲ ಹೇಳಿದ್ದಕ್ಕೆ ಆರು ಹೊಲಿಗೆ ಬಿತ್ತು. ಈಗ ಅವರ ಹತ್ತಿರ ಉಳಿದಿರೋದೇ ಒಂದು ಚೂರು ಉಸಿರು. ಒಂದೊಂದು ಕೊಡಕ್ಕೆ ಒಂದೊಂದು ಸಲ ಹೇಳಿ ಅದನ್ನೂ ಸವೆಸಲಾ?’

ಅದು ಮೂಢನಂಬಿಕೆ ಅಂತ ಹೇಳಬಹುದಿತ್ತು. ಆದರೆ ಹೆಸರು ಕರೆದರೆ ನೀರು ಬರುವ ಊರಲ್ಲಿ ನಿಂತುಕೊಂಡು ಹೆಸರು ಕರೆದರೆ ಏನೂ ಆಗುವುದಿಲ್ಲ ಅಂತ ಯಾವ ಬಾಯಲ್ಲಿ ಹೇಳಲಿ. ತೊಟ್ಟಿಯೊಳಗೆ ನೋಡಿದೆ. ನೀರು ಮೊಣಕೈವರೆಗೆ ಇತ್ತು.

ಬೇರೆ ಯಾರಾದರೂ ಕರೆಯಬಹುದಲ್ಲ ಅಂತ ನೀವು ಕೇಳುತ್ತೀರಿ. ಮನೆಯ ರೇಷನ್ ಕಾರ್ಡಿನಲ್ಲಿ ಹೆಸರಿದ್ದವರು ಕರೆದರೆ ಮಾತ್ರ ನಲ್ಲಿ ಓಗೊಡುತ್ತದೆ, ಅವರ ಕಾರ್ಡಿನಲ್ಲಿ ಇದ್ದದ್ದು ಇಬ್ಬರೇ. ನಾನೇ ಒಂದು ಸಲ ಅವರ ನಲ್ಲಿಯ ಮುಂದೆ ನಿಂತು ಕಲ್ಲಪ್ಪಣ್ಣನ ದನಿ ತೆಗೆದು ಕೂಗಿ ನೋಡಿದೆ. ನಲ್ಲಿ ಕೆಮ್ಮಲೂ ಇಲ್ಲ. ಪಕ್ಕದ ಮನೆಯಿಂದ ಒಂದು ಕೊಡ ತಂದರಾಯಿತಲ್ಲ ಅನ್ನುತ್ತೀರಿ. ಒಂದು ಮನೆಯ ನೀರು ಇನ್ನೊಂದು ಮನೆಯ ಹೊಸಿಲು ದಾಟತಕ್ಕದ್ದಲ್ಲ, ಒಂಬತ್ತನೇ ನಿಯಮ. ಚೌಡಮ್ಮ ತುಂಬಿದ ಕೊಡ ಸೊಂಟಕ್ಕಿಟ್ಟುಕೊಂಡು ಬಂದಳು. ಹೊಸಿಲು ದಾಟಿದ ಕೂಡಲೇ ಕೊಡ ಹಗುರವಾಗಿ ಅವಳು ಮುಗ್ಗರಿಸಿದಳು, ಕೊಡದೊಳಗೆ ಒಂದು ಹನಿ ಇಲ್ಲ. ಹೊರಗಿನ ಊರಿಂದ ಬಾಟಲಿ ನೀರು ತರಿಸಿದರೆ ಊರ ಬಾಗಿಲಲ್ಲೇ ಬರೀ ಬಾಟಲಿ.

ದಾಕ್ಷಾಯಣಕ್ಕ ತಮ್ಮ ಪಾಲಿನ ನೀರನ್ನು ಚೌಡಮ್ಮನ ಮನೆಗೆ ಹೋಗಿ ಕುಡಿದು ಬರುತ್ತಿದ್ದರು. ಹೊಟ್ಟೆಗೆ ಹೋದ ನೀರಿಗೆ ನಿಯಮ ಅಡ್ಡ ಬರುವುದಿಲ್ಲ. ನಲ್ಲಿ ಕರೆಯದ ಆರನೇ ದಿನ ಚೌಡಮ್ಮನ ಅಡುಗೆಮನೆಯಲ್ಲಿ ಬಾಯಿ ತುಂಬ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿಕೊಂಡು, ನುಂಗದೆ, ಉಗುಳದೆ, ಸೆರಗು ಎತ್ತಿ ಕಟ್ಟಿಕೊಂಡು ಬೀದಿಯಲ್ಲಿ ಓಡಿಬಂದರು. ಐವತ್ತೊಂಬತ್ತರ ಹೆಂಗಸು. ನಾನು ವಾಲ್ವ್ ಹತ್ತಿರ ನಿಂತು ನೋಡಿದೆ. ಮಂಚದ ಹತ್ತಿರ ಹೋಗಿ ಗಂಡನ ತುಟಿಯ ಮೇಲೆ ಬಗ್ಗಿ ಬಾಯಿ ತೆರೆದರು. ಬಾಯಿ ಒಣಗಿತ್ತು. ಅಲ್ಲೇ ಮಂಚದ ಕಾಲಿಗೆ ಒರಗಿ ಕೂತು ಅತ್ತರು. ಅವತ್ತು ನಾನು ಮುಂದಿನ ಬೀದಿಯ ವಾಲ್ವ್ ತಿರುಗಿಸುವುದನ್ನೇ ಮರೆತು ಬೈಸಿಕೊಂಡೆ.

ಏಳನೇ ದಿನ ಬೀದಿಯ ಹೆಂಗಸರು ಸೇರಿ ಒಂದು ಉಪಾಯ ಮಾಡಿದರು. ಒಡಪಿನಲ್ಲಿ ಹೇಳಿದರೆ ದೋಷವಿಲ್ಲ, ಅದು ಶಾಸ್ತ್ರ, ಮದುವೆಯ ದಿನ ಗಳು ಬಿದ್ದದ್ದು ಗಳುವಿನ ತಪ್ಪು ಅಂತ ಚೌಡಮ್ಮ ತೀರ್ಪು ಕೊಟ್ಟಳು. ಹೂ ಮುಡಿಸಿ, ಅರಿಶಿನ ಕುಂಕುಮ ಕೊಟ್ಟು, ಅಕ್ಕನನ್ನು ಬಚ್ಚಲ ಹೊಸಿಲಲ್ಲಿ ಹೊಸ ಮದುಮಗಳಂತೆ ನಿಲ್ಲಿಸಿ ಅಡ್ಡಹಾಕಿದರು. ಅಕ್ಕ ಕಣ್ಣು ಮುಚ್ಚಿ ಶುರು ಮಾಡಿದರು. ‘ತೊಟ್ಟಿಯ ತುಂಬ ತಿಳಿನೀರು, ತೊಲೆಬಾಗಿಲಿಗೆ ತೋರಣ ನೂರು, ಸಂತೆಗೆಲ್ಲ ಕೇಳಿಸೋ ದನಿಯ ಸರದಾರ, ನನ್ನ ಕೈ ಹಿಡಿದ...’ ಹೆಂಗಸರು ಮುಂದಕ್ಕೆ ಬಾಗಿದರು. ‘ನನ್ನ ಕೈ ಹಿಡಿದ ಕ...’ ಅಂದರು ಅಕ್ಕ. ನಲ್ಲಿಯಿಂದ ಒಂದು ಹನಿ ಬಿತ್ತು. ಆಗ ಪಡಸಾಲೆಯಲ್ಲಿ ಕಲ್ಲಪ್ಪಣ್ಣ ಕೆಮ್ಮಿದರು. ಮಾಮೂಲಿ ಕೆಮ್ಮು. ಅಕ್ಕ ತಲೆಯ ಹೂ ಕಿತ್ತು ಕೈಗೆ ತೆಗೆದುಕೊಂಡು, ‘ನೋಡಿದ್ರಾ, ಅರ್ಧ ಅಕ್ಷರಕ್ಕೇ ಹೀಗೆ’ ಅಂದು ಎಲ್ಲರನ್ನೂ ಮನೆಗೆ ಕಳಿಸಿದರು. ಬಿದ್ದ ಒಂದು ಹನಿಯನ್ನು ಬೆರಳಲ್ಲಿ ತೆಗೆದು ಗಂಡನ ತುಟಿಗೆ ಹಚ್ಚಿದರು.

ನಾನು ಪುರಸಭೆಗೆ ಹೋದೆ. ನಮ್ಮ ನೀರು ಶಾಖೆಯ ಮೇಲ್ವಿಚಾರಕರು ಗುರುಬಸಯ್ಯನವರು. ಒಳ್ಳೆಯವರು, ಆದರೆ ನಿಯಮ ಅಂದರೆ ನಿಯಮ. ನಿಯಮಾವಳಿ ಪುಸ್ತಕವನ್ನು ಕೆಂಪು ವಸ್ತ್ರದಲ್ಲಿ ಸುತ್ತಿಡುತ್ತಾರೆ, ಕೈ ತೊಳೆದುಕೊಂಡು ಬಿಚ್ಚುತ್ತಾರೆ. ‘ನಲ್ಲೀನ ಆಯಮ್ಮನ ಹೆಸರಿಗೇ ಮಾಡಿಬಿಡಿ ಸಾರ್’ ಅಂದೆ. ‘ಯಜಮಾನ್ರು ಬದುಕಿದ್ದಾರೇನಯ್ಯ?’ ‘ಇದ್ದಾರೆ.’ ‘ಬದುಕಿದ್ದೋರ ಹೆಸರು ತೆಗೆಯೋಕೆ ಬರಲ್ಲ. ಅವರು ಸತ್ತು, ಮರಣ ಪತ್ರ ಇಲ್ಲಿಗೆ ಬರಬೇಕು. ಪತ್ರ ಬಂದ ಗಳಿಗೆಗೆ ನಲ್ಲಿ ನಿಲ್ಲುತ್ತೆ, ಆಮೇಲೆ ವಾರಸುದಾರರ ಹೆಸರಿಗೆ ಮಾಡಬಹುದು.’ ‘ನೀರಿಲ್ಲದಿದ್ರೆ ಅವರು ಸಾಯ್ತಾರೆ ಸಾರ್.’ ‘ಸತ್ತ ಮೇಲೆ ತೊಂದರೆ ಇಲ್ಲ’ ಅಂದರು ಗುರುಬಸಯ್ಯನವರು. ಹೇಳಿದ ಮೇಲೆ ಅವರಿಗೇ ಏನೋ ಅನಿಸಿರಬೇಕು, ಕನ್ನಡಕ ತೆಗೆದು ಒರೆಸಿದರು. ಒರೆಸಿ, ‘ಆ ತಾಯಿಗೆ, ಹೆಸರು ಒಂದು ಸಲ ಹೇಳಿಬಿಡಿ ಅನ್ನಯ್ಯ’ ಅಂದರು. ಹೇಳುವ ಹಾಗಿದ್ದರೆ ನಾನು ಇಲ್ಲಿಗೆ ಯಾಕೆ ಬರುತ್ತಿದ್ದೆ.

ಎಂಟನೇ ದಿನ ಮಧ್ಯಾಹ್ನ ಅವರ ಮನೆಯ ಪಡಸಾಲೆಯಲ್ಲಿ ಕೂತಿದ್ದೆ. ತೊಟ್ಟಿಯಲ್ಲಿ ನೀರು ಹೆಬ್ಬೆರಳುದ್ದ ಉಳಿದಿತ್ತು, ಅಕ್ಕ ಅದನ್ನು ಬಟ್ಟೆ ಅದ್ದಿ ಹಿಂಡಿ ತೆಗೆಯುತ್ತಿದ್ದರು. ಅದರಲ್ಲೇ ಒಂದು ಲೋಟ ಗಂಜಿ ಕಾಸಿ, ಅಡುಗೆಮನೆಯಿಂದಲೇ ಎಂದಿನ ರಾಗದಲ್ಲಿ, ‘ಏನೂಂದ್ರೆ, ಗಂಜಿ ಆಯ್ತು’ ಅಂದರು. ಮಂಚದ ಮೇಲೆ ಕಲ್ಲಪ್ಪಣ್ಣನ ತಲೆ ಅಡುಗೆಮನೆಯ ಕಡೆಗೆ ಹೊರಳಿತು. ನಾನು ಬಂದಾಗ ‘ಕಲ್ಲಪ್ಪಣ್ಣಾ’ ಅಂತ ಎರಡು ಸಲ ಮಾತಾಡಿಸಿದ್ದೆ, ಕಣ್ಣು ಕೂಡ ತಿರುಗಿಸಿರಲಿಲ್ಲ. ನಾನು ಎದ್ದು ನಿಂತೆ. ಈ ಮನುಷ್ಯನ ಹೆಸರು ಏನು ಅಂತ ನನಗೆ ಗೊತ್ತಾಗಿತ್ತು. ಮಾರುಕಟ್ಟೆಗೆ ಅವರು ಕಲ್ಲಪ್ಪ ಇರಬಹುದು. ಈ ಮನೆಯೊಳಗೆ ನಲವತ್ತೊಂದು ವರ್ಷದಿಂದ ಅವರನ್ನು ಯಾರೂ ಹಾಗೆ ಕರೆದಿಲ್ಲ.

ಮತ್ತೆ ಪುರಸಭೆಗೆ ಓಡಿ ವಿಷಯ ಹೇಳಿದೆ. ಗುರುಬಸಯ್ಯನವರು ಕೈ ತೊಳೆದು ಬಂದು ಕೆಂಪು ವಸ್ತ್ರ ಬಿಚ್ಚಿದರು. ‘ಏನೂಂದ್ರೆ ಅನ್ನೋದು ಹೆಸರಾ?’ ಅಂದರು. ‘ನಿಮ್ಮ ಮನೆಯಲ್ಲಿ ನಿಮ್ಮನ್ನ ಏನಂತ ಕರೀತಾರೆ ಸಾರ್?’ ಅಂದೆ. ಅವರು ಕಿಟಕಿಯಾಚೆ ನೋಡಿದರು. ‘ರೀ ಅಂತಾಳೆ’ ಅಂದರು ಮೆಲ್ಲಗೆ. ‘ಕರೆದ್ರೆ ಹೋಗ್ತೀರೋ ಇಲ್ವೋ?’ ಅವರು ಹಾಳೆ ತಿರುವಿದರು. ಹದಿನಾರನೇ ನಿಯಮ ಸಿಕ್ಕಿತು. ದಾಖಲೆಯ ಹೆಸರಿಗಿಂತ ಮನೆಯಲ್ಲಿ ರೂಢಿಯಲ್ಲಿರುವ ಹೆಸರು ಬೇರೆ ಇದ್ದರೆ, ಮನೆಯವರು ಆ ಹೆಸರಿನಿಂದ ಮೂರು ಸಾರಿ ಕರೆಯತಕ್ಕದ್ದು, ನಲ್ಲಿಯುಳ್ಳವರು ಅಧಿಕಾರಿಯ ಕಿವಿಗೆ ಬೀಳುವಂತೆ ಓಗೊಡತಕ್ಕದ್ದು, ಆಗ ತಿದ್ದುಪಡಿ ಮಾಡಬಹುದು. ಅವರು ಪುಸ್ತಕ ಮುಚ್ಚಿದರು. ‘ಕಿವಿಗೆ ಬೀಳೋ ಹಾಗೆ, ಓಬಯ್ಯ. ಮಾತು ಹೋದೋರು ಓಗೊಡೋದು ಹೇಗೆ?’ ‘ತಲೆ ಹೊರಳಿಸ್ತಾರೆ ಸಾರ್.’ ‘ತಲೆ ನನ್ನ ಕಿವಿಗೆ ಬೀಳಲ್ಲ.’

ಆದರೂ ಬಂದರು, ಅದನ್ನು ಹೇಳಬೇಕು. ಒಂಬತ್ತನೇ ದಿನ ಬೆಳಿಗ್ಗೆ ಹತ್ತಕ್ಕೆ, ದೊಡ್ಡ ರಿಜಿಸ್ಟರು ಕಂಕುಳಲ್ಲಿಟ್ಟುಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ತೊಟ್ಟಿ ಒಣಗಿ ಬಿಳಿಚಿಕೊಂಡಿತ್ತು. ಬಾಗಿಲಲ್ಲಿ, ಕಿಟಕಿಯಲ್ಲಿ ಬೀದಿಯವರೆಲ್ಲ. ಬೆಳಗಿನಿಂದ ಕಲ್ಲಪ್ಪಣ್ಣನ ತುಟಿಗೆ ನೀರು ತಾಗಿರಲಿಲ್ಲ, ತುಟಿ ಸಿಪ್ಪೆ ಎದ್ದಿತ್ತು. ಗುರುಬಸಯ್ಯನವರು ಮಂಚದ ಪಕ್ಕ ಕುರ್ಚಿ ಹಾಕಿಸಿಕೊಂಡು, ಪೆನ್ನಿನ ಟೋಪಿ ತೆಗೆದು, ‘ಕರೀರಿ ತಾಯಿ’ ಅಂದರು.

ದಾಕ್ಷಾಯಣಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಇಷ್ಟು ಜನರ ಮುಂದೆ ಗಂಡನನ್ನು ಕರೆಯುವುದಕ್ಕೆ ದನಿ ಏಳಲಿಲ್ಲ. ‘ಏನೂಂದ್ರೆ’ ಅಂದರು, ತುಂಬ ಮರ್ಯಾದೆಯಿಂದ, ಹೊಸಬರನ್ನು ಕರೆಯುವ ಹಾಗೆ. ಕಲ್ಲಪ್ಪಣ್ಣ ತಲೆ ಹೊರಳಿಸಿದರು. ಬಾಯಿ ಅಲುಗಲಿಲ್ಲ. ಗುರುಬಸಯ್ಯನವರು, ‘ಒಂದನೇ ಸಾರಿ’ ಅಂದು ಒಂದು ಗೀಟು ಹಾಕಿದರು. ಹರಾಜು ಕೂಗುವವರ ಮಂಚದ ಪಕ್ಕದಲ್ಲಿ ಕೂತು ಏನು ಅನ್ನುತ್ತಿದ್ದೇನೆ ಅಂತ ಅವರಿಗೆ ಹೊಳೆದಿರಲಿಕ್ಕಿಲ್ಲ. ಕಲ್ಲಪ್ಪಣ್ಣನ ಕಣ್ಣು ಮಾತ್ರ ಅಗಲವಾಯಿತು. ಅಕ್ಕ ಎರಡನೇ ಸಲ ಕರೆದರು. ಕಲ್ಲಪ್ಪಣ್ಣನ ಎಡಗೈ ಹಾಸಿಗೆಯನ್ನು ಹಿಂಡಿತು, ಕತ್ತಿನ ನರ ಉಬ್ಬಿತು, ದನಿ ಬರಲಿಲ್ಲ. ‘ಎರಡನೇ ಸಾರಿ’ ಅಂದರು ಗುರುಬಸಯ್ಯನವರು.

ನಾನು ಕುಲದೇವರಿಗೆ ಹರಕೆ ಹೊತ್ತೆ, ಏನು ಹೊತ್ತೆ ಅಂತ ಈಗ ನೆನಪಿಲ್ಲ. ಅಕ್ಕ ಗಂಡನನ್ನೇ ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಅವರ ಮುಖ ಬದಲಾಯಿತು. ಭಯ ಹೋಯಿತು, ನಾಚಿಕೆ ಹೋಯಿತು, ಸಿಟ್ಟು ಬಂತು. ಇಷ್ಟು ದಿನ ಸೌಟಿನಲ್ಲಿ ನೀರು ಅಳೆದ ಸಿಟ್ಟು, ಬಾಯಿ ತುಂಬಿಕೊಂಡು ಓಡಿದ ಸಿಟ್ಟು. ಸೊಂಟದ ಮೇಲೆ ಕೈ ಇಟ್ಟರು. ‘ಏನೂಂದ್ರೆ’ ಅಂದರು, ಪಡಸಾಲೆ ಮೊಳಗುವ ಹಾಗೆ. ‘ಏನೂಂದ್ರೆ, ಎಷ್ಟು ಸಲ ಕರೀಲಿ ನಾನು? ಸಂತೆಗೆಲ್ಲ ಬಾಯಿ ಮಾಡೋಕೆ ಆಗುತ್ತೆ, ಮನೇಲಿ ಹೆಂಡ್ತಿ ಕರೆದ್ರೆ ಒಂದು ಓ ಅನ್ನೋಕಾಗಲ್ವಾ ನಿಮಗೆ? ಬಡ್ಕೊಂಡು ಸಾಯ್ತಾ ಇದೀನಿ ಇಲ್ಲಿ.’

‘ಓ’ ಅಂದರು ಕಲ್ಲಪ್ಪಣ್ಣ.

ಒರಟು ದನಿ, ಅರ್ಧ ಗಾಳಿ, ಅರ್ಧ ನರಳಿಕೆ. ಅಡುಗೆಮನೆಯಿಂದ ಹೆಂಡತಿ ಮೂರನೇ ಸಲ ಕರೆದು ರೇಗಿದಾಗ ಊರಿನ ಗಂಡಸರೆಲ್ಲ ಅನ್ನುವ ಆ ‘ಓ’ ಅದು, ಬಂದೆ ಮಾರಾಯ್ತಿ ಅನ್ನುವ ಓ. ಗುರುಬಸಯ್ಯನವರು, ‘ಕಿವಿಗೆ ಬಿತ್ತು’ ಅಂದು ರಿಜಿಸ್ಟರಿನಲ್ಲಿ ಕಲ್ಲಪ್ಪ ಅನ್ನುವುದನ್ನು ಹೊಡೆದುಹಾಕಿ, ದುಂಡಗಿನ ಅಕ್ಷರದಲ್ಲಿ ಏನೂಂದ್ರೆ ಅಂತ ಬರೆದು, ಮೊಹರು ಒತ್ತಿದರು. ಮೊಹರಿನ ಸದ್ದು ಆಗುವುದಕ್ಕೂ ಬಚ್ಚಲಲ್ಲಿ ನಲ್ಲಿ ‘ಓ’ ಅನ್ನುವುದಕ್ಕೂ ಸರಿಹೋಯಿತು. ಅಕ್ಕನ ಮೂರನೇ ಕರೆ ಅಲ್ಲಿಯ ತನಕ ಅಲ್ಲೇ ಕಾದು ನಿಂತಿತ್ತೋ ಏನೋ. ನೀರು ತೊಟ್ಟಿಗೆ ಬೀಳುವ ಸದ್ದು ಕೇಳಿ ಚೌಡಮ್ಮ ಮೂಗು ಒರೆಸಿಕೊಂಡಳು. ಅಕ್ಕ ಯಾರ ಕಡೆಯೂ ನೋಡದೆ ಒಂದು ಲೋಟ ತುಂಬಿಕೊಂಡು ಬಂದು ಗಂಡನ ತಲೆ ಎತ್ತಿ ಹಿಡಿದು ಕುಡಿಸಿದರು.

ಆಮೇಲೆ ಆ ಮನೆಯಲ್ಲಿ ಬೇರೆ ತರದ ಫಜೀತಿ ಶುರುವಾಯಿತು. ನಮ್ಮ ಕಡೆಯವರಿಗೆ ‘ವಿಷಯ ಏನೂಂದ್ರೆ’ ಅನ್ನದೆ ಮಾತು ಶುರು ಮಾಡಲು ಬರುವುದಿಲ್ಲ. ಅಕ್ಕ ಬಚ್ಚಲ ಹತ್ತಿರ ಪಾತ್ರೆ ತೊಳೆಯುತ್ತಾ ಚೌಡಮ್ಮನಿಗೆ ಏನಾದರೂ ಸುದ್ದಿ ಹೇಳತೊಡಗಿದರೆ ಮೊದಲ ಮಾತಿಗೇ ನಲ್ಲಿ ‘ಓ’ ಅಂದು ಸುರಿಯುತ್ತಿತ್ತು. ಒಂದು ಸಲ ಚೌಡಮ್ಮನ ನಾದಿನಿಯ ಮದುವೆ ಮುರಿದ ಕಥೆ ಹೇಳಿ ಮುಗಿಸುವಷ್ಟರಲ್ಲಿ ನೀರು ಹೊಸಿಲ ತನಕ ಬಂದಿತ್ತು. ಕೊನೆಗೆ ಹಿತ್ತಲಿಗೆ ಹೋಗಿ ಮಾತಾಡುವುದನ್ನು ರೂಢಿ ಮಾಡಿಕೊಂಡರು. ಕಲ್ಲಪ್ಪಣ್ಣನಿಗೆ ಮಾತು ಮರಳಿ ಬರಲಿಲ್ಲ. ಆ ಒಂದು ‘ಓ’ ಮಾತ್ರ ಉಳಿಯಿತು. ಬೆಳಿಗ್ಗೆ ಅಕ್ಕ ಕರೆದರೆ ಬಚ್ಚಲಿನಿಂದ ಒಂದು ಓ, ಪಡಸಾಲೆಯಿಂದ ಒಂದು ಓ. ಹೀಗೆ ಎರಡು ವರ್ಷ, ಮೇಲೆ ಮೂರು ತಿಂಗಳು ಬದುಕಿದರು. ಕೊನೆಯ ಗುಟುಕನ್ನೂ ಅಕ್ಕನ ಕೈಯಿಂದಲೇ ಕುಡಿದರು.

ತಿಥಿ ಮುಗಿದ ಮೇಲೆ ಮರಣ ಪತ್ರ ನನ್ನ ಕೈಗೇ ಬಂತು, ಆಫೀಸಿಗೆ ತಲುಪಿಸುವುದು ನೀರುಗಂಟಿಯ ಕೆಲಸ. ತಲುಪಿದ ಗಳಿಗೆಗೆ ನಲ್ಲಿ ನಿಲ್ಲುತ್ತದೆ. ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಐದನೇ ದಿನ ಅಕ್ಕನ ಮನೆಗೆ ಹೋಗಿ, ‘ಅಕ್ಕ, ನಲ್ಲಿ ನಿಮ್ಮ ಹೆಸರಿಗೆ ಮಾಡಿಸೋಣ. ಒಂದೇ ದಿನದ ಕೆಲಸ’ ಅಂದೆ. ಅಕ್ಕ ಮಂಚದ ಕಡೆ ನೋಡಿದರು. ಹಾಸಿಗೆ ಸುತ್ತಿಟ್ಟಿದ್ದರು. ‘ಮಾಡಿಸಿ? ದಿನಾ ಬೆಳಿಗ್ಗೆ ನನ್ನ ಹೆಸರು ನಾನೇ ಕರ್ಕೋಬೇಕಾ ಓಬಯ್ಯ?’ ಅಂದರು. ‘ನಿಯಮ ಅಕ್ಕ’ ಅಂದೆ. ‘ನಡಿ ಹಾಗಾದ್ರೆ’ ಅಂದು ಚಪ್ಪಲಿ ಮೆಟ್ಟಿದರು.

ಗುರುಬಸಯ್ಯನವರು ಎದ್ದು ನಿಂತು ಅಕ್ಕನಿಗೆ ಕುರ್ಚಿ ಕೊಟ್ಟರು. ಕೈ ತೊಳೆದುಕೊಂಡು ಬಂದು ರಿಜಿಸ್ಟರು ತೆರೆದರು. ‘ತೀರಿಕೊಂಡವರ ಹೆಸರು ಹೇಳಬೇಕು ತಾಯಿ. ಕೇಳೋದು ನಿಯಮ’ ಅಂದರು ತಲೆ ತಗ್ಗಿಸಿ. ನಾನು ಮರಣ ಪತ್ರ ಮುಂದೆ ಚಾಚಿದೆ, ಅದರಲ್ಲಿ ಇದೆಯಲ್ಲ, ಅವರ ಕೈಲಿ ಹೇಳಿಸಬೇಡಿ ಅನ್ನುವ ಹಾಗೆ. ಅಕ್ಕ ನನ್ನ ಕೈ ಪಕ್ಕಕ್ಕೆ ಸರಿಸಿದರು. ‘ಕಲ್ಲಪ್ಪ’ ಅಂದರು. ‘ಇನ್ನು ಸವೆಯೋದು ಏನಿದೆ’ ಅಂದರು. ಆಮೇಲೆ ಮತ್ತೊಂದು ಸಲ ಹೇಳಿದರು, ಕಲ್ಲಪ್ಪ ಅಂತ, ಮೊದಲ ಸಲ ಹೇಳಿದ್ದು ಸರಿಯಾಗಿದೆಯೋ ಇಲ್ಲವೋ ನೋಡುವವರ ಹಾಗೆ. ಅಲ್ಲಿದ್ದ ಗುಮಾಸ್ತರೆಲ್ಲ ಬರೆಯುವುದು ನಿಲ್ಲಿಸಿದ್ದರು.

ಗುರುಬಸಯ್ಯನವರು ಮರಣ ಪತ್ರ ಓದಿದರು. ರಿಜಿಸ್ಟರು ನೋಡಿದರು. ಮತ್ತೆ ಪತ್ರ ನೋಡಿದರು, ಮತ್ತೆ ರಿಜಿಸ್ಟರು. ಬೆರಳನ್ನು ಆ ಸಾಲಿನ ಮೇಲೆ ಇಟ್ಟರು. ‘ಈ ನಲ್ಲಿ ಕಲ್ಲಪ್ಪ ಅನ್ನೋರ ಹೆಸರಿನಲ್ಲಿ ಇಲ್ಲವಲ್ಲ’ ಅಂದರು. ‘ಏನೂಂದ್ರೆ ಅನ್ನೋರ ಹೆಸರಿನಲ್ಲಿದೆ. ಏನೂಂದ್ರೆ ಅನ್ನೋರು ತೀರಿಕೊಂಡಿದ್ದಕ್ಕೆ ನಿಮ್ಮ ಹತ್ತಿರ ಏನಾದರೂ ಪತ್ರ ಇದೆಯಾ ತಾಯಿ?’ ಅಕ್ಕ ಅವರ ಮುಖ ನೋಡಿದರು. ‘ಇಲ್ಲ’ ಅಂದರು. ಗುರುಬಸಯ್ಯನವರು ರಿಜಿಸ್ಟರು ಮುಚ್ಚಿ, ವಸ್ತ್ರ ಸುತ್ತಿ, ಗಂಟು ಹಾಕಿದರು. ‘ಹಾಗಾದ್ರೆ ನಮ್ಮ ಲೆಕ್ಕದಲ್ಲಿ ಅವರು ಇದ್ದಾರೆ’ ಅಂದರು. ಇಪ್ಪತ್ತೆರಡು ವರ್ಷದಲ್ಲಿ ಆ ಮನುಷ್ಯನ ದನಿ ಒಡೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಎಣ್ಣೆಗಾಣದ ಬೀದಿಗೆ ಹೋಗಿ ವಾಲ್ವ್ ತಿರುಗಿಸಿದೆ. ದಿನಾ ತಿರುಗಿಸಿ ಮುಂದಕ್ಕೆ ಹೋಗಿಬಿಡುವವನು ಅವತ್ತು ಕೀಲಿ ಕೈಯಲ್ಲಿ ಹಿಡಿದು ಅವರ ಕಿಟಕಿಯ ಕೆಳಗೆ ನಿಂತೆ. ಒಳಗೆ ಕೊಡ ಇಟ್ಟ ಸದ್ದಾಯಿತು. ‘ಏನೂಂದ್ರೆ’ ಅಂದರು ಅಕ್ಕ. ಏನೂ ಕೇಳಿಸಲಿಲ್ಲ. ಎರಡನೇ ಸಲ ಕರೆದರು. ನಾನು ವಾಲ್ವನ್ನು ಇನ್ನೊಂದು ಸುತ್ತು ತಿರುಗಿಸಿದೆ. ‘ಏನೂಂದ್ರೆ, ಎಷ್ಟು ಸಲ ಕರೀಲಿ’ ಅಂದರು, ಸ್ವಲ್ಪ ರೇಗಿ. ಆಗ ಒಳಗಿನಿಂದ ‘ಓ’ ಅಂತ ಕೇಳಿಸಿತು.